ಕೆಫೆ ರೇಸರ್ ಆಗಲು ಒಪ್ಪದ ಯೆಜ್ಡಿ

ಹುಣಸೂರಿನ ದೊಡ್ಡಪ್ಪನ ಮನೆ ಕೊಟ್ಟಿಗೆಯಲ್ಲಿ ಒಂದು ಯೆಜ್ಡಿ 250 ಕ್ಲಾಸಿಕ್ ಬೈಕ್ ನಿಂತಿತ್ತು. 1985ರ ಗಾಡಿ. ಮೇಲೆ ಗೊಬ್ಬರದ ಚೀಲ, ಹ್ಯಾಂಡಲ್‌ಗೆ ಕಟ್ಟಿದ ಹಸುವಿನ ಹಗ್ಗ, ಸೀಟಿನ ಒಳಗೆ ಇಲಿ ಸಂಸಾರ. 2016ರಿಂದ ಅದನ್ನು ಯಾರೂ ಸ್ಟಾರ್ಟ್ ಮಾಡಿರಲಿಲ್ಲ. ಯುಗಾದಿಗೆ ಹೋದಾಗ ಸುಮ್ನೆ ಕೇಳಿ ನೋಡಿದೆ, "ದೊಡ್ಡಪ್ಪ, ಇದನ್ನ ನಾನು ತಗೊಂಡು ಹೋಗ್ಲಾ?" ಅಂತ. "ತಗೊಂಡ್ಹೋಗೋ, ಕರು ಕಟ್ಟೋಕೆ ಜಾಗನಾದ್ರೂ ಆಗುತ್ತೆ" ಅಂದರು. ಅಷ್ಟೇ. ಮರುದಿನವೇ ಒಂದು ಟಾಟಾ ಏಸ್ ಮಾಡಿಕೊಂಡು ಮೈಸೂರಿಗೆ ತಂದು ನಮ್ಮ ಕಾರ್ ಶೆಡ್ಡಿನಲ್ಲಿ ಇಳಿಸಿದೆ. ಕಾರು ಅವತ್ತಿನಿಂದ ಬೀದಿಯಲ್ಲಿದೆ.

ನನ್ನ ತಲೆಯಲ್ಲಿ ಇದ್ದದ್ದು ಕೆಫೆ ರೇಸರ್, ಅಂದರೆ ಹಳೇ ಬೈಕನ್ನು ರೇಸ್ ಗಾಡಿ ಥರ ಮಾರ್ಪಡಿಸುವುದು. ಫೋನಿನಲ್ಲಿ ಒಂದು ನೂರು ಫೋಟೋ ಸೇವ್ ಮಾಡಿಕೊಂಡಿದ್ದೆ. ತಗ್ಗಿದ ಹ್ಯಾಂಡಲ್, ಒಬ್ಬರೇ ಕೂರುವ ಸೀಟು, ಹಿಂದೆ ಗೂನು ಬೆನ್ನಿನ ಹಾಗೆ ಒಂದು ಉಬ್ಬು, ಕಾಲು ಹಿಂದಕ್ಕೆ ಮಡಚಿ ಇಡುವ ಫುಟ್‌ರೆಸ್ಟ್, ಮಡ್‌ಗಾರ್ಡ್ ಇಲ್ಲವೇ ಇಲ್ಲ. ಫ್ರೇಮಿನ ಹಿಂಭಾಗ ಕತ್ತರಿಸಿ ಬಿಸಾಕಬೇಕು ಅಂತ ಆಂಗಲ್ ಗ್ರೈಂಡರ್ ಕೂಡ ತಂದಿಟ್ಟಿದ್ದೆ. ಆ ಗ್ರೈಂಡರ್ ಇವತ್ತಿಗೂ ಡಬ್ಬಿಯೊಳಗೇ ಇದೆ.

ಯಾಕೆ ಅಂತ ಹೇಳುತ್ತೇನೆ. ಯೆಜ್ಡಿ, ಜಾವಾ ಓಡಿಸಿದವರಿಗೆ ಗೊತ್ತಿರುತ್ತದೆ, ಇದರಲ್ಲಿ ಕಿಕ್ಕರ್ ಬೇರೆ, ಗೇರ್ ಲಿವರ್ ಬೇರೆ ಅಂತ ಇಲ್ಲ. ಎಡಗಡೆ ಇರುವ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದು ಕಿಕ್ಕರ್. ಗಾಡಿ ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ಇಳಿಸಿದರೆ ಮತ್ತೆ ಗೇರ್ ಲಿವರ್. ಅದೂ ಸಾಲದು ಅಂತ, ಗೇರ್ ಲಿವರ್ ಒತ್ತುವಾಗಲೇ ಒಳಗಡೆ ಕ್ಲಚ್ ಕೂಡ ತಾನಾಗಿ ಬಿಡುತ್ತದೆ, ಕೈಯಲ್ಲಿ ಕ್ಲಚ್ ಹಿಡಿಯದೆ ಗೇರ್ ಹಾಕಬಹುದು. ಇಷ್ಟೆಲ್ಲ ಕೆಲಸ ಒಂದೇ ಲಿವರ್‌ದು. ಈಗ ಕೆಫೆ ರೇಸರ್ ಮಾಡಬೇಕು ಅಂದರೆ ಫುಟ್‌ರೆಸ್ಟ್ ಹಿಂದಕ್ಕೆ ಹೋಗಬೇಕು. ಫುಟ್‌ರೆಸ್ಟ್ ಹಿಂದಕ್ಕೆ ಹೋದರೆ ಕಾಲು ಗೇರಿಗೆ ಸಿಗುವುದಿಲ್ಲ. ಬೇರೆ ಬೈಕಾದರೆ ಒಂದು ಕಡ್ಡಿ ಜೋಡಿಸಿ ಹಿಂದಿನಿಂದ ಗೇರ್ ಹಾಕುವ ಹಾಗೆ ಮಾಡುತ್ತಾರೆ, ಆದರೆ ಇಲ್ಲಿ ಕಡ್ಡಿ ಜೋಡಿಸಿದರೆ ಲಿವರ್ ಮೇಲಕ್ಕೆ ತಿರುಗುವುದೇ ಇಲ್ಲ, ಅಂದರೆ ಕಿಕ್ ಹೊಡೆಯುವುದಕ್ಕೇ ಆಗುವುದಿಲ್ಲ. ಪ್ರತಿಸಲ ತಳ್ಳಿ ಸ್ಟಾರ್ಟ್ ಮಾಡಬೇಕು. ಒಂದು ಭಾನುವಾರ ಪೂರ್ತಿ ರಟ್ಟು ಕತ್ತರಿಸಿ, ಸೈಕಲ್ ಕಡ್ಡಿ ಬಗ್ಗಿಸಿ, ನಾನಾ ಥರ ಅಳತೆ ಹಾಕಿ ನೋಡಿದೆ. ಆಗಲಿಲ್ಲ. ಆಗುತ್ತೆ ಅನ್ನುವವರು ಇರಬಹುದು, ನನ್ನ ಶೆಡ್ಡಿನಲ್ಲಿ, ನನ್ನ ಕೈಯಲ್ಲಿ ಆಗಲಿಲ್ಲ.

ಆಮೇಲೆ ಸೈಲೆನ್ಸರ್. ಸಿಲಿಂಡರ್ ಒಂದೇ, ಆದರೆ ಹೊಗೆ ಹೋಗುವುದಕ್ಕೆ ಎರಡು ಬಾಯಿ, ಎರಡು ಸೈಲೆನ್ಸರ್. ಒಂದನ್ನು ತೆಗೆದು ಇನ್ನೊಂದನ್ನು ಮೇಲಕ್ಕೆ ತಿರುಗಿಸೋಣ ಅಂತಿದ್ದೆ. ಎರಡು ಬಾಯಿ ಇರುವಾಗ ಒಂದನ್ನು ಎಲ್ಲಿ ಮುಚ್ಚುವುದು? ಒಳಗೆ ಸದ್ದು ಅಡಗಿಸುವ ಬ್ಯಾಫಲ್ ಕಿತ್ತು ಓಡಿಸುವವರೂ ಇದ್ದಾರೆ. ಸದ್ದು ಜಾಸ್ತಿ ಆಗುತ್ತದೆ, ಪವರ್ ಕಮ್ಮಿ ಆಗುತ್ತದೆ, ಟೂ ಸ್ಟ್ರೋಕ್‌ನಲ್ಲಿ ಸೈಲೆನ್ಸರ್ ಕೂಡ ಎಂಜಿನ್ನಿನ ಭಾಗವೇ. ಇನ್ನು ಕಾನೂನು ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯವರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಂತಲೂ ಬಂತು. ಫ್ರೇಮ್ ಕತ್ತರಿಸಿದ ಗಾಡಿಯ ಆರ್‌ಸಿ ರಿನ್ಯೂ ಮಾಡಿಸೋಕೆ ಹೋಗಿ ಇನ್‌ಸ್ಪೆಕ್ಟರ್ ಮುಂದೆ ಹಲ್ಲು ಕಿರಿದುಕೊಂಡು ನಿಲ್ಲುವುದು ನನಗೆ ಬೇಡವಾಗಿತ್ತು.

ಹೀಗೆ ದೊಡ್ಡ ಪ್ಲಾನ್ ಕರಗುತ್ತಾ ಬಂತು. ಬೇಜಾರಾಯಿತು, ನಿಜ. ಆದರೆ ಅಷ್ಟರಲ್ಲಿ ಗಾಡಿ ಪೂರ್ತಿ ಬಿಚ್ಚಿ ಹರಡಿಯಾಗಿತ್ತು. ಹಿಂದೆ ಹೋಗುವ ಹಾಗಿರಲಿಲ್ಲ.

ಎಂಜಿನ್ ಕೆಲಸದ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದರಲ್ಲಿ ನನ್ನ ಪಾಲು ಕಮ್ಮಿ. ಎಂಜಿನ್ ಇಳಿಸಿ ತೆರೆದು ನೋಡಿದರೆ ಗೇರ್ ಆಯಿಲ್ ಒಂದು ಚಮಚ ಇರಲಿಲ್ಲ. ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್, ಅಂದರೆ ಆಯಿಲ್ ಒಳಗೆ ಬರದ ಹಾಗೆ ತಡೆಯುವ ರಬ್ಬರ್ ಬಳೆ, ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಟೂ ಸ್ಟ್ರೋಕ್ ಎಂಜಿನ್ ಪೆಟ್ರೋಲನ್ನು ಮೊದಲು ಕ್ರ್ಯಾಂಕ್ ಕೇಸಿನೊಳಗೆ ಎಳೆದುಕೊಳ್ಳುತ್ತದಲ್ಲ, ಸೀಲ್ ಹೋದರೆ ಪೆಟ್ರೋಲಿನ ಜೊತೆ ಗೇರ್ ಆಯಿಲನ್ನೂ ಎಳೆದು ಸುಡುತ್ತದೆ. ದೊಡ್ಡಪ್ಪ ಕೊನೆಕೊನೆಗೆ "ಗಾಡಿ ಸೊಳ್ಳೆ ಮದ್ದು ಹೊಡೆಯೋ ಮಿಷನ್ ಥರ ಹೊಗೆ ಬಿಡುತ್ತೆ" ಅಂತಿದ್ದದ್ದು ಇದಕ್ಕೇ. ಸೀಲ್ ಎರಡೂ ಬದಲಾಯಿತು, ಸಿಲಿಂಡರನ್ನು ಲೇತ್‌ನವರಿಗೆ ಕೊಟ್ಟು ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿದೆ. ಸೈಲೆನ್ಸರ್ ಬ್ಯಾಫಲ್ ಮಾತ್ರ ನಾನೇ ಕ್ಲೀನ್ ಮಾಡಿದ್ದು. ಡಾಂಬರಿನ ಹಾಗೆ ಕಾರ್ಬನ್ ಹಿಡಿದಿತ್ತು. ಹಿತ್ತಲಲ್ಲಿ ತೆಂಗಿನ ಮಟ್ಟೆ ಒಟ್ಟಿ ಬೆಂಕಿ ಹಾಕಿ ಎರಡನ್ನೂ ಕೆಂಪಗೆ ಸುಟ್ಟು, ತಣ್ಣಗಾದ ಮೇಲೆ ಸುತ್ತಿಗೆಯಲ್ಲಿ ತಟ್ಟಿದರೆ ಎಲ್ಲ ಹಕ್ಕಳೆ ಹಕ್ಕಳೆಯಾಗಿ ಉದುರಿತು. ಪಕ್ಕದ ಮನೆಯ ಮಹಡಿಯ ಮೇಲೆ ಹಪ್ಪಳ ಒಣಗಿಸಿದ್ದರಂತೆ. ಅದು ಬೇರೆ ಕಥೆ.

ಈಗ ನಿಜವಾಗಲೂ ಹೇಳಬೇಕಾದ್ದು, ನನ್ನ ಮೂರ್ಖತನದ್ದು.

ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸಿದೆ. ಮರಳು ಹೊಡೆಸಿ ಹಳೆ ಬಣ್ಣ, ತುಕ್ಕು ಎಲ್ಲ ತೆಗೆದು, ಪುಡಿ ಬಣ್ಣ ಎರಚಿ ಒವನ್‌ನಲ್ಲಿ ಬೇಯಿಸಿ ಕೊಡುತ್ತಾರೆ. ಮನೆಗೆ ಬಂದಾಗ ಹೊಸ ಬಾಣಲೆ ಹಾಗೆ ಮಿರಮಿರ ಮಿಂಚುತ್ತಿತ್ತು. ಮೊದಲ ಪೆಟ್ಟು, ಬೋಲ್ಟ್ ಹೋಗುತ್ತಿಲ್ಲ. ತೂತಿನೊಳಗಿನ ಮರೆ (ಥ್ರೆಡ್) ಅಷ್ಟೂ ಬಣ್ಣ ತುಂಬಿಕೊಂಡಿದೆ. ಮರೆ ಕೊರೆಯುವ ಟ್ಯಾಪ್ ತಂದು ಒಂದೊಂದೇ ತೂತಿಗೆ ಮತ್ತೆ ಮರೆ ಓಡಿಸುವುದರಲ್ಲಿ ಎರಡು ಸಂಜೆ ಹೋಯಿತು. ಸರಿ, ಎಂಜಿನ್ ಕೂರಿಸಿದೆ, ವೈರಿಂಗ್ ಮಾಡಿದೆ, ಕಿಡಿಗಾಗಿ ಕರೆಂಟನ್ನು ಕಡಿದು ಕೂಡಿಸುವ ಪಾಯಿಂಟಿನ ಗ್ಯಾಪ್ 0.4 ಮಿ.ಮೀ.ಗೆ ಇಟ್ಟೆ, ಲೀಟರಿಗೆ 40 ಮಿ.ಲೀ. ಟೂ ಟಿ ಆಯಿಲ್ ಕಲಸಿದ ಪೆಟ್ರೋಲ್ ಹಾಕಿದೆ, ಮಗಳ ಕೈಯಲ್ಲಿ ಅರಿಶಿನ ಕುಂಕುಮ ಹಚ್ಚಿಸಿದೆ. ಕಿಕ್ ಹೊಡೆದೆ. ಏನೂ ಇಲ್ಲ. ಮತ್ತೆ ಹೊಡೆದೆ. ಮೂರು ದಿನ ಹೊಡೆದೆ. ಪ್ಲಗ್ ಬಿಚ್ಚಿ ಹೆಡ್ ಮೇಲಿಟ್ಟು ನೋಡಿದರೆ ಕರೆಂಟೇ ಇಲ್ಲ. ಹೊಸ ಪ್ಲಗ್, ಹೊಸ ಕಂಡೆನ್ಸರ್, ಹೊಸ ಕಾಯಿಲ್. ಹಾರ್ನ್ ಕೂಡ ಬಡಿಯುವುದಿಲ್ಲ, ಹೆಡ್‌ಲೈಟೂ ಇಲ್ಲ. ಬ್ಯಾಟರಿ ಬಿಚ್ಚಿ ಮೀಟರ್ ಇಟ್ಟರೆ ಆರು ವೋಲ್ಟ್ ಸರಿಯಾಗಿ ತೋರಿಸುತ್ತದೆ. ಹೆಂಡತಿ ಊಟಕ್ಕೆ ಕರೆಯುವುದನ್ನೂ ಬಿಟ್ಟಳು.

ನಮ್ಮ ಎದುರು ಮನೆ ಅಂಕಲ್ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು. ಮೈಸೂರಿನವರಿಗೆ ಹೇಳಬೇಕಿಲ್ಲ, 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ ಫ್ಯಾಕ್ಟರಿ ಅದು. ಮೊದಲು ಜಾವಾ, 1973ರಿಂದ ಯೆಜ್ಡಿ. ಅಂದರೆ ದೊಡ್ಡಪ್ಪನ ಗಾಡಿ ಹುಟ್ಟಿದ್ದು ನಮ್ಮ ಮನೆಯಿಂದ ನಾಲ್ಕೈದು ಕಿಲೋಮೀಟರ್ ದೂರದಲ್ಲಿ. (ಈಗ ಶೋರೂಮಿನಲ್ಲಿ ಸಿಗುವ ಹೊಸ ಯೆಜ್ಡಿ ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾಗುವ ಫೋರ್ ಸ್ಟ್ರೋಕ್ ಗಾಡಿ, ಹೆಸರೊಂದು ಬಿಟ್ಟರೆ ಅದಕ್ಕೂ ಇದಕ್ಕೂ ನೆಂಟಸ್ತಿಕೆ ಇಲ್ಲ.) ಅಂಕಲ್ ದಿನಾ ವಾಕಿಂಗ್ ಹೋಗುವಾಗ ಗೇಟಿನ ಹೊರಗಿನಿಂದಲೇ ನೋಡಿ ಹೋಗುತ್ತಿದ್ದರು, ಏನೂ ಮಾತಾಡುತ್ತಿರಲಿಲ್ಲ. ನಾಲ್ಕನೇ ದಿನ ಒಳಗೆ ಬಂದರು.

"ಏನಪ್ಪಾ, ಕರೆಂಟ್ ಬರ್ತಿಲ್ವಾ?"

"ಇಲ್ಲ ಅಂಕಲ್, ಎಲ್ಲಾ ಹೊಸದೇ ಹಾಕಿದ್ದೀನಿ."

"ಒಂದು ತುಂಡು ವೈರ್ ಕೊಡು."

ಕೊಟ್ಟೆ. ಎರಡೂ ತುದಿ ಹಲ್ಲಲ್ಲಿ ಕಚ್ಚಿ ಸುಲಿದರು. ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ತುದಿ ಸಿಲಿಂಡರಿನ ರೆಕ್ಕೆಗೆ ಒತ್ತಿ ಹಿಡಿದರು. "ಈಗ ಹೊಡಿ" ಅಂದರು. ಹೊಡೆದೆ. ಹೆಡ್ ಮೇಲೆ ಮಲಗಿಸಿದ್ದ ಪ್ಲಗ್ಗಿನಲ್ಲಿ ನೀಲಿ ಕಿಡಿ ಚಟ್ ಅಂತು.

"ಅರ್ತ್ ಎಲ್ಲಪ್ಪಾ ಇದೆ ನಿನ್ನ ಗಾಡಿಗೆ? ಬ್ಯಾಟರಿಯಿಂದ ಹೊರಟ ಕರೆಂಟು ಕಾಯಿಲ್‌ಗೆ ಹೋಗಿ, ಪಾಯಿಂಟ್‌ಗೆ ಹೋಗಿ, ಎಂಜಿನ್ ಮೈಯಿಂದ ಫ್ರೇಮಿಗೆ ಬಂದು, ಫ್ರೇಮಿನಿಂದ ಬ್ಯಾಟರಿಗೆ ವಾಪಸ್ ಹೋಗಬೇಕು. ನೀನು ಫ್ರೇಮಿಗೆ ಪ್ಲಾಸ್ಟಿಕ್ ಜುಬ್ಬಾ ಹಾಕ್ಸಿದ್ದೀಯ."

ಪೌಡರ್ ಕೋಟಿಂಗ್ ಅಂದರೆ ಪ್ಲಾಸ್ಟಿಕ್ ಪದರವೇ. ಮೊದಲಿನ ಬಣ್ಣ ತೆಳುವಾಗಿತ್ತು, ಬೋಲ್ಟ್ ಬಿಗಿದರೆ ಕಿತ್ತುಕೊಂಡು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿತ್ತು. ಇದು ಹಾಗೆ ಕಿತ್ತುಕೊಳ್ಳುವುದಿಲ್ಲ. ಅಂಕಲ್ ಅರ ಕೇಳಿ ತಗೊಂಡು, ಬ್ಯಾಟರಿ ಅರ್ತ್ ಬೋಲ್ಟ್ ಕೂರುವ ಜಾಗ ಮತ್ತು ಎಂಜಿನ್ ಬೋಲ್ಟ್ ಕೂರುವ ಎರಡು ಜಾಗದಲ್ಲಿ ನಾಲ್ಕಾಣೆ ಅಗಲಕ್ಕೆ ಬಣ್ಣ ಕೆರೆದರು. ನಾನು ದುಡ್ಡು ಕೊಟ್ಟು ಹಾಕಿಸಿದ ಬಣ್ಣ, ಹೊಟ್ಟೆ ಉರಿಯಿತು. ಕೆರೆದ ಜಾಗಕ್ಕೆ ಒಂದಿಷ್ಟು ಗ್ರೀಸ್ ಸವರಿ ಬಿಗಿದರು. ಹೆಡ್‌ಲೈಟಿನಿಂದ ಫ್ರೇಮಿಗೆ ಬೇರೆಯಾಗಿ ಒಂದು ಅರ್ತ್ ವೈರ್ ಎಳೆಸಿದರು, ಹ್ಯಾಂಡಲ್ಲಿಗೂ ಅರ್ತ್ ಸರಿಯಾಗಿ ಸಿಗದಿದ್ದರೆ ಹಾರ್ನ್ ಬಡಿಯುವುದಿಲ್ಲವಂತೆ. ಆಮೇಲೆ ಸಿಗರೇಟ್ ಪ್ಯಾಕಿನೊಳಗಿನ ತೆಳು ಕಾಗದ ಪಾಯಿಂಟ್ ನಡುವೆ ಸಿಕ್ಕಿಸಿ, ಎಂಜಿನ್ ನಿಧಾನಕ್ಕೆ ತಿರುಗಿಸುತ್ತಾ, ಕಾಗದ ಸಡಿಲವಾಗಿ ಕೈಗೆ ಬರುವ ಕ್ಷಣ ನೋಡಿ ಕಿಡಿ ಹೊಡೆಯುವ ಟೈಮಿಂಗ್ ಕೂರಿಸಿದರು. ಗೇಜ್ ಕೊಡಲು ಹೋದೆ, ಬೇಡ ಅಂತ ಕೈಯಾಡಿಸಿದರು. ಎರಡನೇ ಕಿಕ್ಕಿಗೆ ಗಾಡಿ ಎದ್ದಿತು. ಒಂಬತ್ತು ವರ್ಷದ ಮೇಲೆ. ಬೀದಿ ತುಂಬಾ ಹೊಗೆ, ನಾಯಿಗಳೆಲ್ಲ ಒಂದೇ ಸಮ ಬೊಗಳಿದವು. ಅಂಕಲ್ ಎರಡು ಸಲ ಆ್ಯಕ್ಸಿಲರೇಟರ್ ತಿರುಗಿಸಿ ಕಿವಿ ಕೊಟ್ಟು, "ಎಡಗಡೆ ಸೈಲೆನ್ಸರ್ ನಟ್ ಲೂಸಿದೆ" ಅಂತ ಹೇಳಿ ವಾಕಿಂಗ್ ಹೋದರು.

ಪೌಡರ್ ಕೋಟಿಂಗ್ ಇನ್ನೂ ಒಂದು ಪೆಟ್ಟು ಬಾಕಿ ಇಟ್ಟುಕೊಂಡಿತ್ತು. ಆರ್‌ಸಿ 2020ಕ್ಕೇ ಮುಗಿದಿತ್ತು, ರಿನ್ಯೂವಲ್‌ಗೆ ಗಾಡಿ ತೋರಿಸಲು ಹೋಗಬೇಕು. ಅಲ್ಲಿ ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ನನ್ನ ಚಾಸಿ ನಂಬರ್ ಎಲ್ಲಿ? ಬಣ್ಣದ ಕೆಳಗೆ. ಬೆರಳು ಸವರಿದರೆ ತಗ್ಗೂ ಗೊತ್ತಾಗುತ್ತಿರಲಿಲ್ಲ. ಪೇಂಟ್ ರಿಮೂವರ್ ಹಚ್ಚಿ, ಮಗಳ ಹಳೆ ಟೂತ್ ಬ್ರಷ್ಷಿನಲ್ಲಿ ಉಜ್ಜಿ, ಮತ್ತೆ ಹಚ್ಚಿ, ಒಂದೊಂದೇ ಅಂಕೆ ಹೊರಗೆ ತೆಗೆದೆ. ಅಲ್ಲಿ ಉಪ್ಪು ಕಾಗದ, ಅರ ಯಾವುದನ್ನೂ ಮುಟ್ಟಿಸಬೇಡಿ, ನಂಬರ್ ಉಜ್ಜಿದ ಹಾಗೆ ಕಂಡರೆ ಗಾಡಿ ಕದ್ದದ್ದೇನೋ ಅಂತ ಅನುಮಾನ ಬರುತ್ತದೆ. ನೀವು ಯಾರಾದರೂ ಫ್ರೇಮ್ ಕೋಟಿಂಗ್‌ಗೆ ಕೊಡುವುದಿದ್ದರೆ ಮೊದಲೇ ಹೇಳಿ: ಚಾಸಿ ನಂಬರ್ ಮೇಲೆ, ಅರ್ತ್ ಜಾಗದ ಮೇಲೆ, ಹ್ಯಾಂಡಲ್ ಬೇರಿಂಗ್ ಕೂರುವ ಬಟ್ಟಲಿನ ಮೇಲೆ ಬಿಸಿ ತಡೆಯುವ ಟೇಪ್ ಹಾಕಿ, ಮರೆಗಳಿಗೆಲ್ಲ ಹಳೆ ಬೋಲ್ಟ್ ಸಿಕ್ಕಿಸಿ ಅಂತ. ಅವರಾಗಿಯೇ ಹಾಕುತ್ತಾರೆ ಅಂದುಕೊಳ್ಳಬೇಡಿ, ನಾನು ಹಾಗೇ ಅಂದುಕೊಂಡಿದ್ದೆ.

ಹಾಗಾದರೆ ಕೊನೆಗೆ ಏನು ಕಸ್ಟಮೈಸ್ ಮಾಡಿದೆ ಅಂತ ಗೆಳೆಯರು ನಗುತ್ತಾರೆ. ಹ್ಯಾಂಡಲ್ ಒಂದಿಷ್ಟು ಚಪ್ಪಟೆಯದು, ಕೈ ಮೊದಲಿಗಿಂತ ತಗ್ಗಿಗೆ ಬರುತ್ತದೆ. ಬಣ್ಣ ಆರ್‌ಸಿಯಲ್ಲಿ ಇರುವ ಕಪ್ಪೇ, ಬೂದು ಬಣ್ಣದ ಆಸೆ ಬಿಟ್ಟೆ. ಹನ್ನೆರಡು ವೋಲ್ಟ್ ಮಾಡಿಸು ಅಂತ ತುಂಬ ಜನ ಹೇಳಿದರು, ಆದರೆ ಅರ್ತ್ ಸರಿಯಾದ ಮೇಲೆ ಆರು ವೋಲ್ಟಿನಲ್ಲೇ ಹೆಡ್‌ಲೈಟ್ ಸಾಕಷ್ಟು ಉರಿಯುತ್ತಿದೆ, ರಾತ್ರಿ ಹೊತ್ತು ನಾನೇನು ಊಟಿ ಘಾಟ್ ಹತ್ತುವುದಿಲ್ಲ. ಪೆಟ್ರೋಲ್ ಪೈಪ್ ಮಾತ್ರ ಎಥನಾಲ್ ತಡೆಯುವಂಥದ್ದು ಹಾಕಿದ್ದೇನೆ, ಹಳೇ ರಬ್ಬರ್ ಎಥನಾಲ್ ಬೆರೆಸಿದ ಈಗಿನ ಪೆಟ್ರೋಲಿಗೆ ಉಬ್ಬಿಕೊಂಡು ಮೆತ್ತಗಾಗುತ್ತದೆ. ಮುಖ್ಯವಾದದ್ದು ಸೀಟು. ಸ್ಪಂಜನ್ನು ಬ್ರೆಡ್ ಕೊಯ್ಯುವ ಚಾಕುವಿನಲ್ಲಿ ನಾನೇ ಕೊಯ್ದು ತಗ್ಗಿಸಿ, ಸೀಟ್ ಹೊಲಿಯುವವರ ಹತ್ತಿರ ಕಂದು ಬಣ್ಣದ ರೆಕ್ಸಿನ್ ಹೊಲಿಸಿ, ಮುಂದಿನಿಂದ ಹಿಂದಿನವರೆಗೆ ಹಲಗೆ ಹಾಗೆ ಸಪಾಟು ಮಾಡಿದ್ದೇನೆ. ಹಿಂದಿನ ಕ್ಯಾರಿಯರ್ ತೆಗೆದೆ. ಅದೊಂದರಿಂದಲೇ ಗಾಡಿ ಎಷ್ಟು ಉದ್ದವಾಗಿ, ಹಗುರವಾಗಿ ಕಾಣುತ್ತದೆ ಅಂದರೆ, ನನಗೆ ಕೆಫೆ ರೇಸರ್ ಮರೆತೇ ಹೋಯಿತು.

ಹೋದ ತಿಂಗಳು ಹೊಸ ಪಿಸ್ಟನ್ ಪಳಗಿಸುವ ರನ್ ಇನ್ ನೆಪದಲ್ಲಿ ನಲವತ್ತರ ಸ್ಪೀಡು ದಾಟದೆ ಹುಣಸೂರಿಗೆ ಓಡಿಸಿಕೊಂಡು ಹೋದೆ. ಬಿಳಿಕೆರೆ ಹತ್ತಿರ ಪ್ಲಗ್ ಒದ್ದೆಯಾಗಿ ಒಮ್ಮೆ ನಿಂತಿತು, ಅಷ್ಟೇ. ದೊಡ್ಡಪ್ಪ ಸದ್ದು ಕೇಳಿಯೇ ಹೊರಗೆ ಬಂದು ನಿಂತಿದ್ದರು. ಸುತ್ತ ಒಂದು ರೌಂಡ್ ಬಂದರು. ಟ್ಯಾಂಕ್ ಮುಟ್ಟಿದರು, ಲಿವರ್ ಒಳಕ್ಕೆ ಒತ್ತಿ ತಿರುಗಿಸಿ ನೋಡಿದರು. ಆಮೇಲೆ ಹಿಂದಕ್ಕೆ ಹೋಗಿ ಸೀಟಿನ ಮೇಲೆ ಅಂಗೈ ಇಟ್ಟು ಒತ್ತಿದರು.

"ಕ್ಯಾರಿಯರ್ ಎಲ್ಲೋ?"

"ತೆಗೆದ್ಬಿಟ್ಟೆ ದೊಡ್ಡಪ್ಪ, ಚೆನ್ನಾಗಿ ಕಾಣಲ್ಲ ಅಂತ."

"ಮೂಟೆ ಎಲ್ಲಿಡ್ತೀಯ?"

ವಾಪಸ್ ಬರುವಾಗ ಒಂದು ಚೀಲ ರಾಗಿ ಕೊಟ್ಟಿದ್ದರು. ಟ್ಯಾಂಕ್ ಮೇಲೆ ಅಡ್ಡಡ್ಡ ಮಲಗಿಸಿಕೊಂಡು ಮೈಸೂರಿನವರೆಗೆ ಬಂದೆ. ಕ್ಯಾರಿಯರ್ ಶೆಡ್ಡಿನ ಮೂಲೆಯಲ್ಲೇ ಇದೆ, ನಾಲ್ಕು ಬೋಲ್ಟಿನ ಕೆಲಸ.