ರೇಡಿಯೋ ಸೌಂಡ್ ಕಮ್ಮಿ ಮಾಡಿ

ನಮ್ಮಪ್ಪನ ರೇಡಿಯೋದಲ್ಲಿ ಮುಳ್ಳು ಇದೆ, ಆದರೆ ಅದು ಓಡಾಡುವುದಿಲ್ಲ. ಯಾವತ್ತೋ 102.2ಕ್ಕೆ ತಂದು ನಿಲ್ಲಿಸಿದ್ದು. ಆಮೇಲೆ ತಿರುಗಿಸುವ ಗುಂಡಿಯೇ ಬಿದ್ದುಹೋಯಿತು. ರಿಪೇರಿ ಮಾಡಿಸೋಣ ಅಂದರೆ, "ಹಾಸನ ಬರ್ತದಲ್ಲ, ಇನ್ನೇನು ಬೇಕು" ಅಂತಾನೆ. ಹಾಸನಕ್ಕೆ ಆಕಾಶವಾಣಿ ಬರುವುದಕ್ಕೆ ಮುಂಚೆ ಇದೇ ಮನೆಯಲ್ಲಿ ಭದ್ರಾವತಿ ಕೇಳುತ್ತಿದ್ದರಂತೆ. ಮೀಡಿಯಂ ವೇವ್ 675ರಲ್ಲಿ, ಕರಕರ ಸದ್ದಿನ ನಡುವೆ, ತಾತ ರೇಡಿಯೋಗೆ ಕಿವಿ ಒತ್ತಿಕೊಂಡು ಪ್ರದೇಶ ಸಮಾಚಾರ ಕೇಳುತ್ತಿದ್ದುದು ಅಪ್ಪನಿಗೆ ಇನ್ನೂ ನೆನಪಿದೆ.

ನಾನು ಹಾಸನದಲ್ಲಿ ಇರೋದು. ತವರು ಹಳೇಬೀಡಿನ ಕಡೆ. ಆ ಜುಲೈನಲ್ಲಿ ಅವ್ವನಿಗೆ ಕಣ್ಣಿನ ಆಪರೇಷನ್ ಆಗಿತ್ತು ಅಂತ ನಾಲ್ಕು ದಿನ ರಜಾ ಹಾಕಿ ಊರಿಗೆ ಹೋಗಿದ್ದೆ. ಪುನರ್ವಸು ಮಳೆ. ಜೋರಾಗಿ ಸುರಿದು ನಿಲ್ಲುವ ಮಳೆಯಲ್ಲ, ಬೆಳಗ್ಗೆಯಿಂದ ಸಂಜೆವರೆಗೂ ಹಿಟ್ಟು ಜರಡಿ ಹಿಡಿದಂಗೆ ಸೋನೆ. ಬಟ್ಟೆ ಒಣಗಲ್ಲ, ಸೌದೆ ಹತ್ತಲ್ಲ. ಆಲೂಗಡ್ಡೆ ಹಾಕಿದವರಿಗೆ ಇಂಥ ಹವೆ ಅಂದರೆ ಎದೆ ಢವಢವ.

ಅಪ್ಪ ಒಂದು ಎಕರೆ ಹಾಕಿದ್ದ. ಕುಫ್ರಿ ಜ್ಯೋತಿ ತಳಿ. ನಮ್ಮ ಕಡೆ ಎಲ್ಲರೂ ಹಾಕೋದು ಹೆಚ್ಚುಕಮ್ಮಿ ಅದನ್ನೇ. ಬಿತ್ತನೆ ಬರೋದು ದೂರದ ಪಂಜಾಬಿನ ಜಲಂಧರದಿಂದ. ಮೇ ತಿಂಗಳಲ್ಲಿ ಲಾರಿಗಟ್ಟಲೆ ಹಾಸನದ ಎಪಿಎಂಸಿಗೆ ಬಂದು ಇಳಿಯುತ್ತೆ. ಅಲ್ಲಿ ನೂಕುನುಗ್ಗಲಲ್ಲಿ ನಿಂತು 12 ಮೂಟೆ ತಂದು, ಅವ್ವನೂ ಅಪ್ಪನೂ ಕೂತು ಹೋಳು ಮಾಡಿ ನಾಟಿ ಮಾಡಿದ್ದರು. ನಾನು ಹೋಗುವ ಹೊತ್ತಿಗೆ 45 ದಿನದ ಬೆಳೆ.

ಮಾರನೇ ದಿನ ಬೆಳಗ್ಗೆ ಅಪ್ಪ ಹೊಲದಿಂದ ಬಂದವನೇ ಜಗಲಿ ಮೇಲೆ ಒಂದು ಸೊಪ್ಪು ಹಾಕಿದ. ಎಲೆಯ ತುದಿಯಲ್ಲಿ ಬಿಸಿನೀರು ಚೆಲ್ಲಿದ ಹಾಗೆ ಕಂದು ಮಚ್ಚೆ. ಮಗುಚಿ ನೋಡಿದರೆ, ಮಚ್ಚೆಯ ಅಂಚಿಗೆ ಬಿಳಿ ಬೂಷ್ಟು, ಹತ್ತಿ ಎಳೆದು ಅಂಟಿಸಿದಂಗೆ. ಹೊತ್ತೇರಿದ ಮೇಲೆ ಅದು ಕಾಣಿಸೋದಿಲ್ಲ, ಬೆಳಗಿನ ತೇವದಲ್ಲಿ ಮಾತ್ರ. ಅಂಗಮಾರಿ. ಹೆಸರು ಹೇಳೋಕೂ ಅಪ್ಪನಿಗೆ ಮನಸ್ಸಿಲ್ಲ. "ಬಂದದೆ" ಅಂದ, ಅಷ್ಟೇ. ಈ ರೋಗಕ್ಕೆ ಹೆದರಿಯೇ ನಮ್ಮ ಸುತ್ತಮುತ್ತ ಎಷ್ಟೋ ಜನ ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳ, ಶುಂಠಿ ಅಂತ ಹೋಗಿದ್ದಾರೆ.

ಅವತ್ತೇ ರೇಡಿಯೋದಲ್ಲಿ ಆಲೂಗಡ್ಡೆ ಬಗ್ಗೆ ನೇರ ಫೋನ್-ಇನ್ ಇತ್ತು. ಹಿಂದಿನ ದಿನದಿಂದಲೇ ಹೇಳುತ್ತಿದ್ದರು. ಅಪ್ಪ ಗೋಡೆಯ ಕ್ಯಾಲೆಂಡರ್ ಮೇಲೆ ನಂಬರ್ ಬರೆದುಕೊಂಡಿದ್ದ. ಆದರೆ ತಾನು ಮಾತಾಡಲ್ಲ. "ನಂಗೆ ಕಿವಿ ಸರಿಯಾಗಿ ಕೇಳಲ್ಲ, ನೀನೇ ಮಾತಾಡವ್ವ." ಕಿವಿ ಒಂದು ನೆಪ. ಕೊಟ್ಟಿಗೆಯಲ್ಲಿ ಕರು ಕೆಮ್ಮಿದರೆ ನಡುರಾತ್ರಿ ಎದ್ದು ಹೋಗುವವನು ಅವನು.

ಕಾರ್ಯಕ್ರಮ ಶುರುವಾಯಿತು. ಒಬ್ಬ ನಿರೂಪಕಿ, ಜೊತೆಗೆ ಒಬ್ಬ ಆಲೂಗಡ್ಡೆ ವಿಜ್ಞಾನಿ. ನಾನು 08172 ಒತ್ತಿ ಮುಂದಿನ ನಂಬರ್ ಒತ್ತೋದು, ಎಂಗೇಜ್. ಮತ್ತೆ ಒತ್ತೋದು, ಎಂಗೇಜ್. ಅಷ್ಟರಲ್ಲಿ ಆಲೂರಿನ ಕಡೆಯ ಒಬ್ಬ ಅಮ್ಮನಿಗೆ ಲೈನ್ ಸಿಕ್ಕಿತ್ತು. ಅವರು ಆನೆ ಸುದ್ದಿ ಶುರು ಮಾಡಿದರು. ರಾತ್ರಿ ಮೂರು ಬಂದಿದ್ದವಂತೆ, ಬೇಲಿ ಕಿತ್ತವಂತೆ. ನಿರೂಪಕಿ ಮೆಲ್ಲಗೆ, "ಅಮ್ಮಾ, ಇವತ್ತಿನ ವಿಷಯ ಆಲೂಗಡ್ಡೆ" ಅಂದರು.

"ಆಲೂಗಡ್ಡೆ ವಿಷಯನೇ ಮೇಡಂ. ಅದರ ಮೇಲೇ ನಡ್ಕೊಂಡು ಹೋಗಿರೋದು ಅವು."

ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಮಲಗಿದ್ದ ಅವ್ವ ನಗೋಕೆ ಶುರು ಮಾಡಿ, ನೋವಾಗಿ, ರೇಡಿಯೋಗೇ ಬೈದಳು. ಆ ನಿರೂಪಕಿಯನ್ನು ಮೆಚ್ಚಬೇಕು. ಆ ಅಮ್ಮನ ಮಾತು ತುಂಡು ಮಾಡಲಿಲ್ಲ. ತುಳಿದ ಗಿಡ ಮತ್ತೆ ಚಿಗುರುತ್ತಾ ಅಂತ ವಿಜ್ಞಾನಿಯನ್ನು ಕೇಳಿ, ಆನೆಯನ್ನೂ ಆಲೂಗಡ್ಡೆ ಒಳಗೇ ಸೇರಿಸಿಬಿಟ್ಟರು. ಟಿವಿಯಲ್ಲಿ ಆರು ಜನ ಒಟ್ಟಿಗೆ ಕಿರುಚುವುದನ್ನು ನೋಡಿ ನೋಡಿ ಸಾಕಾಗಿತ್ತು ನನಗೆ. ಇಲ್ಲಿ ಒಬ್ಬರು ಮುಗಿಸಿದ ಮೇಲೇ ಇನ್ನೊಬ್ಬರು.

ಹನ್ನೊಂದನೇ ಸಲವೋ ಹನ್ನೆರಡನೇ ಸಲವೋ ರಿಂಗ್ ಆಯಿತು. ಆ ಕಡೆಯಿಂದ ಒಬ್ಬರು ಹೆಸರು, ಊರು, ಏನು ಕೇಳಬೇಕು ಅಂತ ಬರೆದುಕೊಂಡು, "ಲೈನಲ್ಲೇ ಇರಿ. ರೇಡಿಯೋ ಸೌಂಡ್ ಕಮ್ಮಿ ಮಾಡಿ" ಅಂದರು. ಈ ಮಾತನ್ನು ಚಿಕ್ಕಂದಿನಿಂದ ಎಷ್ಟು ಸಲ ಕೇಳಿದ್ದೇನೋ. ನನಗೇ ಯಾರಾದರೂ ಹೇಳುತ್ತಾರೆ ಅಂತ ಅಂದುಕೊಂಡಿರಲಿಲ್ಲ.

ಅಪ್ಪ ಮಾತ್ರ ಒಪ್ಪಲಿಲ್ಲ. ಮಗಳು ರೇಡಿಯೋದಲ್ಲಿ ಮಾತಾಡುವಾಗ ರೇಡಿಯೋ ಆಫ್ ಮಾಡೋದಾ? "ನಮಸ್ಕಾರ, ಹೇಳಿ" ಅಂತ ನಿರೂಪಕಿಯ ದನಿ ಬಂತು. ನಾನು "ನಮಸ್ಕಾರ" ಅಂದೆ. ಜಗಲಿ ಮೇಲಿನ ರೇಡಿಯೋ ನನ್ನ ನಮಸ್ಕಾರವನ್ನು ಹಿಡಿದು ಫೋನಿಗೆ ಕೊಟ್ಟಿತು, ಫೋನು ಅದನ್ನು ಹಾಸನಕ್ಕೆ ಕೊಟ್ಟಿತು, ಹಾಸನ ವಾಪಸ್ ನಮ್ಮ ಜಗಲಿಗೆ ಕಳಿಸಿತು. ಕುಂಯ್ಯ್ ಅಂತ ಸಿಳ್ಳೆ ಎದ್ದು ನಾಯಿ ಎದ್ದು ನಿಂತಿತು. "ಸೌಂಡ್, ಸೌಂಡ್" ಅಂತ ನಿರೂಪಕಿ. ಅಪ್ಪ ರೇಡಿಯೋವನ್ನು ಮಗು ಎತ್ತಿಕೊಂಡಂತೆ ಎದೆಗೆ ಒತ್ತಿಕೊಂಡು ಕೊಟ್ಟಿಗೆಗೆ ಓಡಿದ.

ಬರೆದಿಟ್ಟುಕೊಂಡಿದ್ದೆಲ್ಲ ಮರೆತುಹೋಯಿತು. ಆದರೂ ಎಲೆ, ಮಚ್ಚೆ, ಬೂಷ್ಟು ಎಲ್ಲ ಹೇಗೋ ಹೇಳಿದೆ. ವಿಜ್ಞಾನಿ ಸಮಾಧಾನವಾಗಿ ಒಂದೊಂದೇ ಕೇಳಿದರು. ಬಿತ್ತನೆ ಇಡೀ ಗಡ್ಡೆನಾ, ಹೋಳಾ? ಹೋಳು. ಹೋಳನ್ನು ಔಷಧಿ ನೀರಲ್ಲಿ ಅದ್ದಿದ್ರಾ? ಇಲ್ಲ. ರೋಗ ಬರುವುದಕ್ಕೆ ಮುಂಚೆ ಮ್ಯಾಂಕೋಜೆಬ್ ಎಷ್ಟು ಸಲ ಹೊಡೆದಿದ್ದೀರಿ?

ನನಗೆ ನಾಚಿಕೆಯಾಯಿತು. ಹೆಸರು ಹೇಳಿ ಆಗಿದೆ, ಊರು ಹೇಳಿ ಆಗಿದೆ, ಸುತ್ತ ಹತ್ತೂರು ಕೇಳುತ್ತಿದೆ. ಸುಮ್ನೆ "ಎರಡು ಸಲ" ಅಂದುಬಿಟ್ಟೆ.

ಕೊಟ್ಟಿಗೆಯಿಂದ ಕೂಗು ಬಂತು. "ಒಂದೇ ಸಲ ಕಣವ್ವಾ!"

ಅದೂ ಪ್ರಸಾರವಾಯಿತು. "ಅದು ಯಾರು?" ಅಂದರು ವಿಜ್ಞಾನಿ. "ನಮ್ಮಪ್ಪ" ಅಂದೆ. ನಿರೂಪಕಿ ನಗು ತಡೆದುಕೊಂಡಿದ್ದು ಫೋನಿನಲ್ಲಿ ಕೇಳಿಸಿತು.

ವಿಜ್ಞಾನಿ ನಗಲಿಲ್ಲ. ಮ್ಯಾಂಕೋಜೆಬ್ ರೋಗ ಬರುವ ಮುಂಚೆ ಕಾಪಾಡುವ ಔಷಧಿ, ಮೋಡ ಕಟ್ಟಿ ಸೋನೆ ಹಿಡಿಯುವ ಮೊದಲೇ ಹೊಡೆಯಬೇಕು, ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ, ಅಂದರು. ಈಗ ರೋಗ ಒಳಗೆ ಇಳಿದಿದೆ, ಇನ್ನು ಸೈಮೋಕ್ಸಾನಿಲ್ ಮತ್ತು ಮ್ಯಾಂಕೋಜೆಬ್ ಎರಡೂ ಸೇರಿರುವ ಪುಡಿ ಬೇಕು, ಲೀಟರಿಗೆ 3 ಗ್ರಾಂ. ಕೈಯಳತೆ ಬೇಡ, ತೂಕ ಮಾಡಿ. ಎಲೆಯ ಮೇಲೆ ಹೊಡೆದರೆ ಸಾಲದು, ಅಡಿಯೂ ನೆನೆಯಬೇಕು, ಬೂಷ್ಟು ಇರೋದೇ ಅಡಿಯಲ್ಲಿ. ಮಳೆ ಬಿಡುವು ಕೊಟ್ಟ ತಕ್ಷಣ ಹೊಡೆಯಿರಿ, ನಾಳೆ ನಾಡಿದ್ದು ಅನ್ನಬೇಡಿ. 1845ರಲ್ಲಿ ಐರ್ಲೆಂಡ್ ದೇಶವನ್ನು ಹೊಟ್ಟೆಗಿಲ್ಲದಂತೆ ಮಾಡಿದ್ದೂ ಇದೇ ರೋಗ ಅಂತ ಕೊನೆಗೆ ಸೇರಿಸಿದರು. ಅದು ಬೇಕಿರಲಿಲ್ಲ. ಅವ್ವ ಅವತ್ತೆಲ್ಲ ಐರ್ಲೆಂಡಿನವರ ಬಗ್ಗೆ ಕೊರಗಿದಳು.

ಫೋನ್ ಇಟ್ಟೆ. ಅಪ್ಪ ರೇಡಿಯೋ ಹಿಡಿದು ವಾಪಸ್ ಬಂದ, ಮುಖದ ತುಂಬ ಬೆವರು. "ಚೆನ್ನಾಗಿ ಬಂತು ನಿನ್ ದನಿ" ಅಂದ. ಸುಳ್ಳು ಹೇಳಿದ್ದಕ್ಕೆ ಬೈಯಲಿಲ್ಲ.

ಕತೆ ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅರಕಲಗೂಡಿನವರು ಒಬ್ಬರು ಬಿತ್ತನೆ ರೇಟಿನ ಬಗ್ಗೆ ಸಿಟ್ಟಾಗಿ ಮಾತಾಡಿದರು. ಅದು ಮುಗಿಯಿತು. ಮುಂದಿನ ಕರೆ. "ನಮಸ್ಕಾರ, ಯಾವ ಊರಿಂದ?" ಉತ್ತರ ಬರುವ ಮೊದಲೇ ಕುಂಯ್ಯ್ ಅಂತ ಅದೇ ಸಿಳ್ಳೆ. ನಮ್ಮ ರೇಡಿಯೋದಿಂದ ಬಂತು. ಅದರ ಜೊತೆಗೇ ಮೂರು ಮನೆ ಆಚೆಯಿಂದಲೂ ಬಂತು.

ಅಪ್ಪ ನನ್ನ ಮುಖ ನೋಡಿದ.

ಮೂರು ಮನೆ ಆಚೆ ಇರೋದು ಚಿಕ್ಕಪ್ಪ. ಅಪ್ಪನ ದಾಯಾದಿ ತಮ್ಮ. ಹೊಲಕ್ಕೆ ಹೊಲ ಅಂಟಿಕೊಂಡಿದೆ, ನಡುವೆ ಒಂದು ಬದು. ನಾಲ್ಕು ವರ್ಷದ ಹಿಂದೆ ಟ್ರ್ಯಾಕ್ಟರ್ ಉಳುವಾಗ ಆ ಬದು ಒಂದೆರಡು ಸಾಲು ಈ ಕಡೆ ಬಂತು ಅಂತ ನಾವು, ಆ ಕಡೆ ಹೋಯಿತು ಅಂತ ಅವರು. ಗಡಿ ಕಲ್ಲು ಯಾರು ಕಿತ್ತರು ಅಂತ ಇವತ್ತಿಗೂ ಇತ್ಯರ್ಥ ಆಗಿಲ್ಲ. ಅವತ್ತಿನಿಂದ ಮಾತಿಲ್ಲ. ನನ್ನ ಮದುವೆಗೂ ಬರಲಿಲ್ಲ. ಹಬ್ಬಕ್ಕೆ ಚಿಕ್ಕಮ್ಮ ಹಿತ್ತಲಿಂದ ಕದ್ದು ಹೋಳಿಗೆ ಕೊಡುತ್ತಾಳೆ, ಅದು ಬೇರೆ.

"ನಂದೂ ಅದೇ ಊರು ಮೇಡಂ" ಅಂದ ಚಿಕ್ಕಪ್ಪ, ರೇಡಿಯೋದೊಳಗಿಂದ. "ಈಗ ಮಾತಾಡಿದ್ಲಲ್ಲ, ನಮ್ಮಣ್ಣನ ಮಗಳೇ."

ಅವ್ವ ಎದ್ದು ಕೂತಳು.

"ಅವರ ಹೊಲಕ್ಕೂ ನಂದಕ್ಕೂ ಒಂದೇ ಬದು. ನಂದರಲ್ಲಿ ಇನ್ನೂ ಬಂದಿಲ್ಲ. ಅವರದ್ರಿಂದ ಬರ್ತದಾ ಅಂತ."

"ಬಂದೇ ಬರುತ್ತೆ" ಅಂದರು ವಿಜ್ಞಾನಿ. ಬೂಷ್ಟಿನಿಂದ ಕಣ್ಣಿಗೆ ಕಾಣದ ಬೀಜಕಣ ಏಳುತ್ತವೆ, ಗಾಳಿಯಲ್ಲಿ, ಮಳೆ ಹನಿಯಲ್ಲಿ ಪಕ್ಕಕ್ಕೆ ಹೋಗುತ್ತವೆ. ಹವೆ ಹೀಗೇ ಇದ್ದರೆ ವಾರದೊಳಗೆ ಹೊಲವೇ ಕಪ್ಪಾಗಬಹುದು. ಒಬ್ಬರು ಹೊಡೆದು ಇನ್ನೊಬ್ಬರು ಬಿಟ್ಟರೆ ಪ್ರಯೋಜನ ಕಡಿಮೆ. "ಇಬ್ಬರೂ ಒಂದೇ ದಿನ ಹೊಡೆಯಿರಿ. ಹೇಗೂ ಅಣ್ಣ ಅಂತೀರಿ. ಮಾತಾಡಿಕೊಳ್ಳಿ."

ಚಿಕ್ಕಪ್ಪ ಮಾತಾಡಲಿಲ್ಲ. ರೇಡಿಯೋದಲ್ಲಿ ಮೂರು ಸೆಕೆಂಡ್ ಸುಮ್ಮನಿದ್ದರೆ ಮೂರು ನಿಮಿಷ ಆದಂಗೆ. ಲೈನ್ ಹೋಯಿತೇನೋ ಅಂತ ನಿರೂಪಕಿ "ಹಲೋ, ಮಾತಾಡಿಕೊಳ್ತೀರಾ?" ಅಂದರು.

"ಅವರು ಕೇಳಿಸ್ಕೊಂತಾವ್ರೆ ಬಿಡಿ ಮೇಡಂ" ಅಂದ ಚಿಕ್ಕಪ್ಪ. "ನಾಳೆ ಬೆಳಗ್ಗೆ ಮಳೆ ಬಿಟ್ರೆ ನಾನು ಹೊಡೀತೀನಿ." ಫೋನ್ ಇಟ್ಟ.

ಅಪ್ಪ ಏನೂ ಹೇಳಲಿಲ್ಲ. ಟವೆಲ್ ಹೆಗಲಿಗೆ ಹಾಕಿಕೊಂಡು ಹಳೇಬೀಡಿಗೆ ಔಷಧಿ ತರೋಕೆ ಹೋದ. ಬಸ್ಸಿಗೂ ಕಾಯಲಿಲ್ಲ, ಯಾರದೋ ಬೈಕ್ ಹತ್ತಿದ. ಅಂಗಡಿಯಲ್ಲಿ ನಾಲ್ಕು ಜನ "ಒಂದೇ ಸಲ ಕಣವ್ವ" ಅಂತ ರೇಗಿಸಿದರಂತೆ. ಆ ಮಾತು ನಮ್ಮ ಊರಲ್ಲಿ ಈಗಲೂ ಚಾಲ್ತಿಯಲ್ಲಿದೆ. ಎರಡನೇ ಸಲ ಅನ್ನ ಬಡಿಸೋಕೆ ಹೋದರೂ ಹಂಗೆ ಅನ್ನುತ್ತಾರೆ.

ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಆಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಒಂದು ಪುಟ್ಟ ರೇಡಿಯೋ ನಿಲಯ ಶುರು ಮಾಡಿದ್ದರು. ಆಕಾಶವಾಣಿ ಅನ್ನುವ ಹೆಸರು ಅಲ್ಲಿಯದು, ಮುಂದೆ ಅದೇ ಹೆಸರು ದೇಶಕ್ಕೆಲ್ಲ ಹೋಯಿತು. ಶಾಲೆಯಲ್ಲಿ ಇದನ್ನು ಓದಿದಾಗ, ಮನೆಯೊಳಗೆ ರೇಡಿಯೋ ನಿಲಯ ಅಂದರೆ ಹೆಂಗಿರುತ್ತೆ ಅಂತ ಆಶ್ಚರ್ಯಪಟ್ಟಿದ್ದೆ. ಅವತ್ತು ನಮ್ಮ ಕೊಟ್ಟಿಗೆ, ಚಿಕ್ಕಪ್ಪನ ಜಗಲಿ ಎಲ್ಲ ಸೇರಿಕೊಂಡು ಹಂಗೇ ಆಗಿತ್ತು.

ಮಾರನೇ ದಿನ ಎಂಟು ಗಂಟೆಗೆ ಮಳೆ ಬಿಟ್ಟಿತು. ಅಪ್ಪನಿಗೆ ಬುತ್ತಿ ಕೊಡೋಕೆ ನಾನು ಹೊಲಕ್ಕೆ ಹೋದೆ. ಬದುವಿನ ಈ ಕಡೆ ಅಪ್ಪ, ಬೆನ್ನ ಮೇಲೆ ಕ್ಯಾನ್. ಆ ಕಡೆ ಚಿಕ್ಕಪ್ಪ, ಅವನ ಬೆನ್ನ ಮೇಲೂ ಕ್ಯಾನ್. ಇಬ್ಬರೂ ನೆಲ ನೋಡಿಕೊಂಡು ಹೊಡೆಯುತ್ತಿದ್ದರು. ಸಾಲಿನ ಕೊನೆಗೆ ಬಂದಾಗ ಮಾತ್ರ ಎದುರಾಬದುರು ಆಗುತ್ತಿದ್ದರು, ತಿರುಗುತ್ತಿದ್ದರು. ಅಪ್ಪ ಗಿಡದ ಬುಡಕ್ಕೆ ನಾಜಲ್ ಹಿಡಿದು ಮೇಲಕ್ಕೆ ಎತ್ತುತ್ತಿದ್ದ, ಎಲೆಯ ಅಡಿ ನೆನೆಯಲಿ ಅಂತ. ಮುಖಕ್ಕೆ ಏನೂ ಕಟ್ಟಿಕೊಂಡಿರಲಿಲ್ಲ.

ನಾಲ್ಕನೇ ಸಾಲೋ ಐದನೇ ಸಾಲೋ. ಚಿಕ್ಕಪ್ಪ ನಿಂತ. ಅಪ್ಪನ ಕಡೆ ನೋಡದೆ, ಗಾಳಿಗೆ ಹೇಳಿದಂಗೆ ಹೇಳಿದ: "ಗಾಳಿ ಆ ಕಡೆಗೆ ಐತೆ. ಮೂಗಿಗೆ ಟವೆಲ್ ಕಟ್ಕಳೋಕೇನು."

ಅಪ್ಪ ಟವೆಲ್ ಕಟ್ಟಿಕೊಂಡ.

ಬೆಳೆ ಪೂರ್ತಿ ಉಳಿಯಲಿಲ್ಲ. ತಗ್ಗಿನ ಮೂಲೆಯಲ್ಲಿ, ನೀರು ನಿಲ್ಲುವ ಕಡೆ, ಸುಟ್ಟೇ ಹೋಯಿತು. ಉಳಿದ ಕಡೆ ಸುಮಾರಾಗಿ ಕೈಗೆ ಬಂತು. ಚಿಕ್ಕಪ್ಪನದು ನಮಗಿಂತ ವಾಸಿ. ಅಪ್ಪನಿಗೆ ಅದರ ಬಗ್ಗೆ ಸ್ವಲ್ಪ ಹೊಟ್ಟೆಯುರಿ ಇತ್ತು, ಅದನ್ನು ಮುಚ್ಚಿಡಲೂ ಇಲ್ಲ.

ರಜಾ ಮುಗಿಸಿ ನಾನು ಹಾಸನಕ್ಕೆ ವಾಪಸಾದೆ. ಮುಂದಿನ ವಾರ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮೊಬೈಲಿಗೆ ಇಯರ್‌ಫೋನ್ ಸಿಕ್ಕಿಸಿ ಎಫ್‌ಎಂ ಹಾಕಿದರೆ ಅದೇ ನಿರೂಪಕಿಯ ದನಿ. ಇವತ್ತಿನ ಫೋನ್-ಇನ್ ವಿಷಯ ಜಮೀನಿನ ಸರ್ವೆ, ಪೋಡಿ ಮತ್ತು ಹದ್ದುಬಸ್ತು, ಅಂದರೆ ಜಮೀನು ಭಾಗ ಮಾಡಿ ಗಡಿ ಗುರುತಿಸೋದು, ಕೇಳುಗರು ಕರೆ ಮಾಡಬಹುದು ಅಂದರು. ಆ ಮಾತು ಮುಗಿಯುವುದಕ್ಕೂ ನನ್ನ ಫೋನ್ ರಿಂಗ್ ಆಗುವುದಕ್ಕೂ ಸರಿಹೋಯಿತು. ಅಪ್ಪ. ಹಿಂದೆ ರೇಡಿಯೋ ಕೇಳಿಸುತ್ತಿತ್ತು.

"ಇವತ್ತು ನೀನು ಮಾಡಬೇಡ ಕಣವ್ವ" ಅಂದ. "ಅವನೂ ಮಾಡಲ್ಲ ಅಂದವ್ನೆ."