ಎಳೆಯುವ ಹಗ್ಗ ನೋಡಿದೆ, ಬಿಡುವ ಹಗ್ಗ ನೋಡಲಿಲ್ಲ

ಮೂರು ಕೂವೆಯ ಬಾರ್ಕನ್ನು (ಮುಂದಿನ ಎರಡು ಕೂವೆಗಳಲ್ಲಿ ಚೌಕ ಹಾಯಿ ಇರುವ ಹಡಗು) ಟ್ಯಾಕ್ ಮಾಡುವಾಗ, ಅಂದರೆ ಮೂತಿಯನ್ನು ಗಾಳಿಗೆ ಎದುರಾಗಿಯೇ ಹಾಯಿಸಿ ಇನ್ನೊಂದು ಬದಿಗೆ ಹೊರಳಿಸುವಾಗ, ಮೇನ್ ಅಂದರೆ ನಡುಕೂವೆಯ ಯಾರ್ಡುಗಳನ್ನು (ಹಾಯಿ ಕಟ್ಟಿದ ಅಡ್ಡಮರಗಳು) ತಿರುಗಿಸಲು ಸಿಗುವುದು ಹೆಚ್ಚೆಂದರೆ ಹತ್ತು ಹದಿನೈದು ಸೆಕೆಂಡು. ನೇತ್ರಾಣಿ ದ್ವೀಪದ ನೈಋತ್ಯಕ್ಕೆ ಮೂರು ಮೈಲು ದೂರದಲ್ಲಿ ಆ ಹದಿನೈದು ಸೆಕೆಂಡನ್ನು ಒಂದು ಸುರುಳಿ ಹಗ್ಗ ತಿಂದು ಹಾಕಿತು. ಸುರುಳಿ ಇದ್ದದ್ದು ನನ್ನ ಪಿನ್ ರೇಲಿನಲ್ಲಿ, ಹಗ್ಗ ಸುತ್ತಿ ನೇತುಹಾಕುವ ಗೂಟಗಳ ಸಾಲಿನಲ್ಲಿ. ‘ಮೇನ್ ರೆಡಿ’ ಎಂದು ಕೂಗಿದವನೂ ನಾನೇ.

ಮಾರ್ಚ್ ತಿಂಗಳ ಮಧ್ಯಾಹ್ನ, ವಾಯವ್ಯ ಗಾಳಿ 14 ನಾಟ್. ಕೊಚ್ಚಿಯಿಂದ ಉತ್ತರಕ್ಕೆ ಹೊರಟ ತರಬೇತಿ ಹಡಗಿಗೆ ಆ ಕಾಲದಲ್ಲಿ ಈ ಗಾಳಿ ತಪ್ಪಿದ್ದಲ್ಲ. ಚೌಕ ಹಾಯಿಯ ಹಡಗು ಗಾಳಿಯ ದಿಕ್ಕಿಗೆ 6 ಪಾಯಿಂಟಿಗಿಂತ, ಅಂದರೆ 67.5 ಡಿಗ್ರಿಗಿಂತ, ಹತ್ತಿರ ಮೂತಿ ಇಡುವುದಿಲ್ಲ. ಹಾಗಾಗಿ 10 ಮೈಲು ಓಡಿದರೆ ಗಾಳಿಯ ಕಡೆಗೆ ಗಳಿಕೆ 3.8 ಮೈಲು. ಓಡುತ್ತ ಅಡ್ಡಕ್ಕೆ 7 ಡಿಗ್ರಿ ಜಾರುವುದನ್ನೂ ಲೆಕ್ಕಕ್ಕೆ ಹಿಡಿದರೆ 2.7. ಈ ಜುಜುಬಿ ಗಳಿಕೆಯ ಲೆಕ್ಕ ತಲೆಯಲ್ಲಿದ್ದರೆ ಮುಂದಿನದು ಯಾಕೆ ಉರಿಯುತ್ತದೆ ಎಂದು ತಿಳಿಯುತ್ತದೆ.

ಪೋರ್ಟ್ ಟ್ಯಾಕಿನಲ್ಲಿ, ಅಂದರೆ ಗಾಳಿ ಪೋರ್ಟ್ (ಎಡ) ಬದಿಗೆ ಬೀಳುವಂತೆ, 022 ಡಿಗ್ರಿ ಹಿಡಿದು ದಡದ ಕಡೆಗೆ ಬರುತ್ತಿದ್ದೆವು. 248 ಹಿಡಿದು ಕಡಲಿಗೆ ಹೊರಳಬೇಕಿತ್ತು. ವೇಗ 5.5 ನಾಟ್, ಸಾಲದೇ ಇರುವಂಥದ್ದಲ್ಲ. ‘ರೆಡಿ ಅಬೌಟ್’, ಹೊರಳಲು ಸಿದ್ಧರಾಗಿ ಎಂಬ ಆಜ್ಞೆ, ಬಂತು. ಹಿಂದಿನ ಕೂವೆಯ ಹಾಯಿ ಸ್ಪ್ಯಾಂಕರಿನ ಬೂಮ್ (ಅಡಿಮರ) ನಡುವಿಗೆ ಬಂತು. ಚುಕ್ಕಾಣಿ ಹಿಡಿದ ಕ್ವಾರ್ಟರ್‌ಮಾಸ್ಟರ್ ಮೂತಿಯನ್ನು ಗಾಳಿಯಿಂದ ಅರ್ಧ ಪಾಯಿಂಟ್ ಆಚೆ ಬಿಟ್ಟು ವೇಗ ತುಂಬಿಸಿಕೊಂಡು, ಚುಕ್ಕಾಣಿಯನ್ನು 5 ಡಿಗ್ರಿಯಿಂದ ಶುರುಮಾಡಿ ಮೆಲ್ಲಗೆ ಏರಿಸುತ್ತ ಹೋದ. ಒಮ್ಮೆಲೇ ಪೂರ್ತಿ ತಿರುಗಿಸಿದರೆ ರಡ್ಡರ್ ಬ್ರೇಕ್ ಹಾಕಿದಂತೆ ಆಗುತ್ತದೆ; ಹೊಸ ಕೆಡೆಟ್‌ಗಳು ಮೊದಲು ಮಾಡುವ ತಪ್ಪೇ ಅದು. ‘ಹೆಲ್ಮ್ಸ್ ಅಲೀ’ (ಚುಕ್ಕಾಣಿ ತಿರುಗಿದೆ) ಎಂದಾಗ ಮೂತಿಯ ಮುಕ್ಕೋನ ಹಾಯಿ ಜಿಬ್‌ಗಳ ಶೀಟ್‌ಗಳು, ಅಂದರೆ ಹಾಯಿಯ ಕೆಳಮೂಲೆ ಹಿಡಿಯುವ ಹಗ್ಗಗಳು, ಸಡಿಲವಾದವು. ಮೇನ್ ಕೋರ್ಸಿನ, ಅಂದರೆ ನಡುಕೂವೆಯ ಅತಿ ಕೆಳಗಿನ ಹಾಯಿಯ, ಮೂಲೆಗಳು ಮೇಲೆದ್ದವು. ಫೋರ್ (ಮುಂದಿನ) ಕೂವೆಯ ಹಾಯಿಗಳು ಹಿಂದಕ್ಕೆ ಉಬ್ಬಿದವು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಇಡೀ ಕೆಲಸದ ಜಾಣತನ ಇರುವುದೇ ಇಲ್ಲಿ. ಗಾಳಿ ಮೂತಿಯ ಪೋರ್ಟ್ ಬದಿಗೆ ಒಂದು ಪಾಯಿಂಟಿನಷ್ಟು ಮಾತ್ರ ಉಳಿದಾಗ ಫೋರ್ ಹಾಯಿಗಳ ಮರೆ ಮೇನ್ ಹಾಯಿಗಳ ಸ್ಟಾರ್‌ಬೋರ್ಡ್ (ಬಲ) ಅರ್ಧದ ಮೇಲೆ ಬೀಳುತ್ತದೆ. ಪೋರ್ಟ್ ಅರ್ಧಕ್ಕೆ ಗಾಳಿ ನೇರ ಹೊಡೆಯುತ್ತದೆ. ಒಂದು ಅರ್ಧಕ್ಕೆ ಒತ್ತಡ, ಇನ್ನೊಂದಕ್ಕೆ ಮರೆ ಎಂದಾದಾಗ ಯಾರ್ಡು ತಾನಾಗಿ ತಿರುಗಲು ಹೊರಡುತ್ತದೆ. ‘ಮೇನ್‌ಸೇಲ್ ಹಾಲ್’, ಮೇನ್ ಎಳೆಯಿರಿ, ಎನ್ನುವುದು ಆ ಗಳಿಗೆಗೆ. ಮುಂಚೆ ಕೂಗಿದರೆ ಪೂರ್ತಿ ಗಾಳಿಯ ವಿರುದ್ಧ ಎಳೆಯಬೇಕು. ತಡವಾದರೆ ಹಾಯಿ ಕೂವೆಗೆ ಅಂಟಿ ಕೂರುತ್ತದೆ. ಸರಿಯಾಗಿ ಕೂಗಿದರೆ ಎಂಟು ಜನ ಎಳೆಯುವುದಕ್ಕಿಂತ ಸಡಿಲ ಹಗ್ಗ ಬಾಚಿಕೊಳ್ಳುವುದೇ ಹೆಚ್ಚು.

ಅಂದು ಆ ಕೂಗು ಸರಿಯಾದ ಗಳಿಗೆಗೇ ಬಂತು. ಪೋರ್ಟ್ ಬ್ರೇಸ್‌ಗಳಲ್ಲಿ (ಯಾರ್ಡು ತಿರುಗಿಸುವ ಹಗ್ಗಗಳು) ಎಂಟೆಂಟು ಕೆಡೆಟ್‌ಗಳು, ಕೈ ಒಂದರ ಮುಂದೊಂದು, ಹೆಜ್ಜೆ ಸರಿ. ನೋಡಲು ಚೆನ್ನಾಗಿತ್ತು, ನಾನು ಅದನ್ನೇ ನೋಡುತ್ತಿದ್ದೆ. ಯಾರ್ಡುಗಳು ಹೊರಟವು. ಅರ್ಧ ದಾರಿಯಲ್ಲಿ ಕೋರ್ಸಿನ ಮೇಲಿನ ಟಾಪ್‌ಸೇಲ್ ಯಾರ್ಡು ಧಕ್ ಎಂದು ನಿಂತಿತು. ಅದರ ಮೇಲಿನ ಹಾಯಿ ಟೋಗ್ಯಾಲಂಟಿನ ಶೀಟ್‌ಗಳು ಟಾಪ್‌ಸೇಲ್ ಯಾರ್ಡಿನ ತುದಿಗಳಿಗೇ ಕಟ್ಟಿರುವುದರಿಂದ ಕೆಳಗಿನದು ನಿಂತರೆ ಮೇಲಿನದೂ ನಿಂತ ಹಾಗೆ. ‘ಇನ್ನೂ ಎಳೀರಿ’ ಎಂದು ಕೂಗಿದೆ. ಆ ದಿನದ ನನ್ನ ಅತಿ ದಡ್ಡ ಮಾತು ಅದು. ಎಳೆದಷ್ಟೂ ಎದುರು ಬದಿಯ ಗಂಟು ಬಿಗಿಯುತ್ತಿತ್ತು.

ಸ್ಟಾರ್‌ಬೋರ್ಡ್ ಟಾಪ್‌ಸೇಲ್ ಬ್ರೇಸ್ ಲೀಡ್ ಬ್ಲಾಕಿನ (ಹಗ್ಗ ಹಾಯುವ ರಾಟೆ) ಬಾಯಲ್ಲಿ ಚೆಂಡಿನ ಹಾಗೆ ಸಿಕ್ಕಿಕೊಂಡಿತ್ತು. ಅಲ್ಲಿ ನಿಂತ ಕೆಡೆಟ್ ಸೊಂಟದ ಚಾಕು ತೆಗೆದಿದ್ದ. ಹಗ್ಗ-ಹಾಯಿಗಳ ಮೇಸ್ತ್ರಿಯಾದ ಬೋಸನ್ ಎರಡು ಹಾರಿಗೆ ಹೋಗಿ ಅವನ ಮಣಿಕಟ್ಟು ಹಿಡಿದರು. ಒತ್ತಡದಲ್ಲಿರುವ ಬ್ರೇಸನ್ನು ಕತ್ತರಿಸಿದರೆ ತುದಿ ಬ್ಲಾಕಿನೊಳಗಿಂದ ಓಡಿಹೋಗಿ ಯಾರ್ಡಿಗೆ ಆ ಬದಿಯ ಹಿಡಿತವೇ ಇಲ್ಲ. ಆಮೇಲೆ ಅದು ಎಲ್ಲಿಗೆ ಬಡಿಯುತ್ತದೋ, ಅದರ ಮೇಲಿನ ಹಾಯಿಯ ಗತಿ ಏನೋ.

ಎಲ್ಲರ ಕಣ್ಣೂ ಮೇಲೆ, ಆ ಯಾರ್ಡಿನ ಮೇಲೆ. ಹಡಗಿನ ಪಕ್ಕದ ನೀರನ್ನು ಯಾರೂ ನೋಡಲಿಲ್ಲ. ಮೇನ್ ಹಾಯಿಗಳು ಅರ್ಧ ತಿರುಗಿ, ನೆಟ್ಟಗೆ ಹಿಂದಕ್ಕೆ ಒತ್ತುತ್ತಿದ್ದವು, ಫೋರ್ ಸಹ. ಹಡಗು ನಿಂತಿತು, ಆಮೇಲೆ ಹಿಂದಕ್ಕೆ ಸರಿಯಲು ಶುರುವಾಯಿತು. ಹಿಂದಕ್ಕೆ ಹೋಗುವಾಗ ರಡ್ಡರಿನ ಕೆಲಸ ತಿರುವುಮುರುವು. ಅಷ್ಟು ಹೊತ್ತು ಮೂತಿಯನ್ನು ಪೋರ್ಟಿಗೆ ತರುತ್ತಿದ್ದ ಚುಕ್ಕಾಣಿ ಈಗ ಅದನ್ನೇ ಸ್ಟಾರ್‌ಬೋರ್ಡಿಗೆ ವಾಪಸು ತಳ್ಳುತ್ತಿತ್ತು. ಆ ಗಳಿಗೆಯಲ್ಲೇ ಚುಕ್ಕಾಣಿ ಬದಲಿಸಿದ್ದರೆ, ಫೋರ್ ಹಾಯಿಗಳು ಮೂತಿಯನ್ನು ಇನ್ನೂ ಪೋರ್ಟಿಗೆ ನೂಕುತ್ತಿದ್ದುದರಿಂದ, ಬಹುಶಃ ದಾಟಿಕೊಳ್ಳುತ್ತಿದ್ದೆವು. ‘ಶಿಫ್ಟ್ ಯುವರ್ ಹೆಲ್ಮ್’ ಬರುವಷ್ಟರಲ್ಲಿ ಎದುರಿನ ಎರಡು ಅಲೆ ಮೂತಿಗೆ ಗುದ್ದಿ ಆಗಿತ್ತು. ಗಾಳಿ ಮತ್ತೆ ಪೋರ್ಟ್ ಬದಿಗೆ ಅಗಲವಾಯಿತು. ಮಿಸ್ಡ್ ಸ್ಟೇಸ್: ಟ್ಯಾಕ್ ಕೈತಪ್ಪಿತು.

ಗಂಟು ಬಿಡಿಸಲು ಯಾವ ಸಾಹಸವೂ ಬೇಕಾಗಲಿಲ್ಲ, ಅದೇ ನಾಚಿಕೆಗೇಡು. ಹಳೆಯ ಟ್ಯಾಕಿಗೇ ಮರಳುವುದೆಂದಾದ ಮೇಲೆ ಸ್ಟಾರ್‌ಬೋರ್ಡ್ ಬ್ರೇಸ್‌ಗಳನ್ನು ಎಳೆದೆವು. ಹಗ್ಗ ಬ್ಲಾಕಿನಿಂದ ಹಿಂದಕ್ಕೆ ಬಂತು, ಗಂಟು ಕೈಯಲ್ಲಿ ಸಡಿಲವಾಗಿ ಬಿಚ್ಚಿಕೊಂಡಿತು.

ಎರಡನೇ ಸಲ ಟ್ಯಾಕ್ ಮಾಡುವ ಮನಸ್ಸು ಕ್ಯಾಪ್ಟನ್‌ಗೆ ಇರಲಿಲ್ಲ. ವೇರ್ ಮಾಡಿದೆವು, ಅಂದರೆ ಮೂತಿಯ ಬದಲು ಹಿಂಭಾಗವನ್ನು ಗಾಳಿಗೆ ಹಾಯಿಸಿ ಹೊರಳಿದೆವು: ಸ್ಪ್ಯಾಂಕರ್ ಬ್ರೇಲ್ ಮಾಡಿ (ಮುದುಡಿ ಕಟ್ಟಿ), ಮೂತಿ ಗಾಳಿಯಿಂದ ಆಚೆ ಹೋಗುವಂತೆ ಚುಕ್ಕಾಣಿ, ಗಾಳಿ ಹಿಂದಕ್ಕೆ ಸರಿದಂತೆಲ್ಲ ಮೇನ್ ಯಾರ್ಡುಗಳನ್ನು ಹಾಯಿ ತುಂಬದಂತೆ ನಡುಗಿಸುತ್ತ ತಿರುಗಿಸುವುದು, ಗಾಳಿ ನೇರ ಹಿಂದೆ ಬಂದಾಗ ಫೋರ್ ಯಾರ್ಡುಗಳು ಹಡಗಿಗೆ ನೇರ ಅಡ್ಡಕ್ಕೆ, ಜಿಬ್ ಶೀಟ್ ಆಚೆ ಬದಿಗೆ, ಮತ್ತೆ ಸ್ಪ್ಯಾಂಕರ್. ವೇರ್ ವಿಫಲವಾಗುವುದು ಅಪರೂಪ, ಆದರೆ ಬೆಲೆ ಇದೆ. ಟ್ಯಾಕಿನಲ್ಲಿ 12 ಪಾಯಿಂಟ್ ತಿರುಗಿದರೆ ಸಾಕಾಗುವಲ್ಲಿ ಇದಕ್ಕೆ 20 ಪಾಯಿಂಟ್, 225 ಡಿಗ್ರಿ, ಅದೂ ಗಾಳಿಯ ಜೊತೆಗೆ ಕೆಳಗಿಳಿಯುತ್ತ. ಜಿಪಿಎಸ್ ಜಾಡಿನಲ್ಲಿ ಒಟ್ಟು ನಷ್ಟ 0.8 ಮೈಲು. ಮೇಲಿನ ಲೆಕ್ಕಕ್ಕೆ ಹಾಕಿ ನೋಡಿ: ಅದನ್ನು ವಾಪಸು ಗಳಿಸಲು 3 ಮೈಲು ಓಟ. ಒಂದು ಸುರುಳಿ ಹಗ್ಗದ ಬಾಬತ್ತು.

ಈಗ ಆ ಸುರುಳಿ. ಯಾರ್ಡುಗಳು ಪೂರ್ತಿ ಓರೆಯಾಗಿರುವಾಗ ಲೀ ಬದಿಯ (ಗಾಳಿ ಬೀಳದ ಆಚೆ ಬದಿ) ಬ್ರೇಸ್‌ಗಳನ್ನು ಎಷ್ಟು ಸಾಧ್ಯವೋ ಅಷ್ಟು ಎಳೆದಿರುತ್ತೇವೆ. ಅಂದರೆ ಡೆಕ್ಕಿನ ಮೇಲೆ ಅತಿ ದೊಡ್ಡ ಸುರುಳಿಗಳು ಅವುಗಳದೇ. ಟ್ಯಾಕ್ ಮಾಡುವಾಗ ಬಿಡಬೇಕಾದದ್ದೂ ಅವನ್ನೇ. ಹಗ್ಗ ಪಿನ್ನಿನಿಂದ ಶುರುಮಾಡಿ ಸುತ್ತಿದರೆ ಪಿನ್ನಿಗೆ ಹತ್ತಿರದ ಭಾಗ ಅಡಿಯಲ್ಲಿ, ತುದಿ ಮೇಲೆ ಬರುತ್ತದೆ. ಬಿಡುವ ಮುನ್ನ ಸುರುಳಿಯನ್ನು ಪಿನ್ನಿನಿಂದ ಇಳಿಸಿ ದೋಸೆ ಮಗುಚಿದಂತೆ ಮಗುಚಿ ಡೆಕ್ಕಿನ ಮೇಲೆ ಹಾಕಬೇಕು, ಆಗ ಓಡುವ ಭಾಗ ಮೇಲಿರುತ್ತದೆ. ಮಗುಚದೆ ಇಳಿಸಿದರೆ ಹಗ್ಗ ಅಡಿಯಿಂದ ಹೊರಡುತ್ತದೆ, ಹೊರಡುವಾಗ ಮೇಲಿನ ಎರಡು ಮೂರು ಸುತ್ತನ್ನು ಕೊರಳಿಗೆ ಹಾಕಿಕೊಂಡು ಬ್ಲಾಕಿಗೆ ನುಗ್ಗುತ್ತದೆ. ಬಲಕ್ಕೆ ಹೊಸೆದ ಹಗ್ಗವನ್ನು ಗಡಿಯಾರದ ದಿಕ್ಕಿಗೇ ಸುತ್ತಬೇಕು. ತುದಿಯಿಂದ ಪಿನ್ನಿನ ಕಡೆಗೆ ಎಂದೂ ಸುತ್ತಬಾರದು, ಹೊರಹೋಗಬೇಕಾದ ತಿರುಚೆಲ್ಲ ಸುರುಳಿಗೂ ಪಿನ್ನಿಗೂ ನಡುವೆ ಸೆರೆಯಾಗುತ್ತದೆ.

ನಮ್ಮದು ಹಾಗೇ ಆಗಿತ್ತು. ಹಿಂದಿನ ಬಂದರಿನಲ್ಲಿ ಅತಿಥಿಗಳು ಬರುತ್ತಾರೆಂದು ಡೆಕ್ಕಿನ ತುಂಬ ಹಗ್ಗದ ಚಕ್ಕುಲಿ ಇಡಿಸಿದ್ದರು. ಫೋಟೊಗೆ ಚಂದ, ಓಡುವ ಹಗ್ಗಕ್ಕೆ ವಿಷ. ಹೊರಡುವ ಗಡಿಬಿಡಿಯಲ್ಲಿ ಯಾರೋ ಆ ಚಕ್ಕುಲಿಯನ್ನು ತುದಿಯಿಂದ ಎತ್ತಿ ಸುತ್ತಿ ಪಿನ್ನಿಗೆ ನೇತುಹಾಕಿದ್ದರು. ನಾನು ಅದನ್ನು ನೋಡಿದ್ದೆ. ಸುತ್ತುಗಳು ಒಂದೇ ಅಳತೆ, ನೀಟಾಗಿ ನೇತಾಡುತ್ತಿತ್ತು. ನೀಟಾಗಿದ್ದದ್ದಕ್ಕೇ ಸರಿ ಇದೆ ಅಂದುಕೊಂಡೆ. ಮಗುಚಿ ಹಾಕಿದರೋ ಬರೀ ಇಳಿಸಿದರೋ ಎಂದು ಆ ಬದಿಗೆ ನಡೆದು ಹೋಗಿ ನೋಡಲಿಲ್ಲ.

ಅದರ ಮೇಲೆ ಹಗ್ಗದ ದಪ್ಪ. ಬ್ಲಾಕು 16 ಎಂ.ಎಂ. ಹಗ್ಗಕ್ಕೆ, ದಡದ ಆಫೀಸು ಕಳಿಸಿದ್ದು 18. ‘ಸ್ಟಾಕ್‌ನಲ್ಲಿ ಇದೇ ಇರುವುದು, ಇನ್ನೂ ಗಟ್ಟಿಯಲ್ಲವೇ’ ಎಂಬ ಉತ್ತರದ ಜೊತೆಗೆ. ಗಟ್ಟಿ ಹೌದು. ಸಣಬಿನ ಹಾಗೆ ಕಾಣುವ ಸಿಂಥೆಟಿಕ್ ಹಗ್ಗ ಹೊಸದರಲ್ಲಿ ಸ್ಪ್ರಿಂಗಿನಂತಿರುತ್ತದೆ, ತಿರುಚನ್ನು ನೆನಪಿಟ್ಟುಕೊಳ್ಳುತ್ತದೆ. 16 ಆಗಿದ್ದರೆ ಆ ಗಂಟು ಬ್ಲಾಕಿನ ಬಾಯಲ್ಲಿ ಒದ್ದಾಡಿಯಾದರೂ ಬಿಡಿಸಿಕೊಳ್ಳುತ್ತಿತ್ತೇನೋ. ಇದನ್ನು ನನ್ನ ತಪ್ಪಿಗೆ ಮುಸುಕಾಗಿ ಹೇಳುತ್ತಿಲ್ಲ, ಆದರೆ ವರದಿಯಲ್ಲಿ ಹಗ್ಗದ ದಪ್ಪದ ಸಾಲು ಮಾತ್ರ ಕಾಣೆಯಾದದ್ದು ಹೇಗೆ ಎಂದು ಕೇಳಬೇಕೆನಿಸುತ್ತದೆ.

ಬೋಸನ್ ಮಲ್ಪೆಯವರು. ಬೈಯಲಿಲ್ಲ. ಚಹಾ ಕುಡಿಯುತ್ತ ಹೇಳಿದರು: ‘ಎಳೆಯುವವರು ಎಂಟು ಜನ ಉಂಟು, ಬಿಡುವವ ಒಬ್ಬ. ನೀವು ಎಂಟು ಜನರನ್ನು ನೋಡ್ತಾ ನಿಂತ್ರಿ ಮಾರಾಯ್ರೆ.’

ಹಳೆಯ ಕಾಲದವರಿಗೆ ಇದು ಗೊತ್ತಿತ್ತು. ವ್ಯಾಪಾರಿ ಹಡಗುಗಳಲ್ಲಿ ಟ್ಯಾಕ್ ಮಾಡುವಾಗ ಫೋರ್ ಶೀಟ್ ಬಿಡುವ ಕೆಲಸ ಅಡುಗೆಯವನದು. ಎಳೆಯುವ ಬಲಕ್ಕೆ ನಾವಿಕರು, ಹೇಳಿದಾಗ ಬಿಡುವುದಕ್ಕೆ ತಪ್ಪದೆ ಅಲ್ಲೇ ನಿಂತಿರುವ ಒಬ್ಬ. 1890ರ ದಶಕದ ಹೊತ್ತಿಗೆ ಬಂದ ಜಾರ್ವಿಸ್ ಬ್ರೇಸ್ ವಿಂಚಿನಲ್ಲಿ ಈ ಸಮಸ್ಯೆಯೇ ಇಲ್ಲ: ಕೋರ್ಸ್ ಮತ್ತು ಎರಡು ಟಾಪ್‌ಸೇಲ್ ಯಾರ್ಡುಗಳ ಬ್ರೇಸ್‌ಗಳು ಶಂಕುವಿನಾಕಾರದ ಡ್ರಮ್ಮುಗಳಿಗೆ ಸುತ್ತಿರುತ್ತವೆ, ಒಂದು ಬದಿ ಸುತ್ತಿಕೊಂಡಷ್ಟೇ ಇನ್ನೊಂದು ಬದಿ ಬಿಟ್ಟುಕೊಡುತ್ತದೆ, ಡೆಕ್ಕಿನ ಮೇಲೆ ಸುರುಳಿಯೇ ಇಲ್ಲ. 1911ರ ಪೆಕಿಂಗ್ ಹಡಗಿನಲ್ಲಿ ಅವು ಇದ್ದವು. ನಮ್ಮಲ್ಲಿ ಇಲ್ಲ. ‘ಕೆಡೆಟ್‌ಗಳಿಗೆ ಕೈಕೆಲಸ ಕಲಿಸಬೇಕಲ್ಲ’ ಎನ್ನುತ್ತಾರೆ. ಒಪ್ಪಿದೆ, ಹಾಗಾದರೆ ಚಕ್ಕುಲಿ ಮಾಡಿಸಬೇಡಿ.

ಈಗ ‘ರೆಡಿ ಅಬೌಟ್’ ಬಂದರೆ ನಾನು ಎಳೆಯುವ ಬದಿಗೆ ಹೋಗುವುದೇ ಇಲ್ಲ. ಬಿಡುವ ಬದಿಯ ನಾಲ್ಕು ಪಿನ್ನುಗಳ ಬಳಿ ನಡೆಯುತ್ತೇನೆ: ಕೋರ್ಸ್, ಟಾಪ್‌ಸೇಲ್, ಟೋಗ್ಯಾಲಂಟ್, ರಾಯಲ್. ಸುರುಳಿ ಮಗುಚಿದೆಯೇ, ಮೇಲಿನ ಮೂರು ಸುತ್ತು ಕೈಯಲ್ಲಿ ಎತ್ತಿದರೆ ಒಂಟಿಯಾಗಿ ಬರುತ್ತದೆಯೇ, ಯಾರದಾದರೂ ಕಾಲು ಒಳಗಿದೆಯೇ. ಎಂಟರಾಕಾರದ ಸುತ್ತುಗಳನ್ನು ತೆಗೆದು ಕೊನೆಯ ಒಂದು ಸುತ್ತಿನ ಮೇಲೆ ಹಿಡಿದಿರಬೇಕು, ಬೆರಳು ಪಿನ್ನಿಗೂ ಹಗ್ಗಕ್ಕೂ ನಡುವೆ ಇರಬಾರದು. ನಾಲ್ಕೂ ನೋಡಿದ ಮೇಲೆ ‘ಮೇನ್ ರೆಡಿ’. ಇಪ್ಪತ್ತು ಸೆಕೆಂಡು ಹೆಚ್ಚು ಹಿಡಿಯುತ್ತದೆ, ಹಿಂದಿನ ಪೂಪ್ ಡೆಕ್ಕಿನಿಂದ ‘ಮೇನ್, ಏನಾಯ್ತು?’ ಎಂದು ಒಂದು ಕೂಗೂ ಬರುತ್ತದೆ. ಬರಲಿ. ಇನ್ನೊಬ್ಬ ಕೆಡೆಟ್‌ಗೆ ಹಡಗಿನ ಹಿಂತುದಿಯ ಬಳಿ ನೀರು ನೋಡುವ ಕೆಲಸ, ನೊರೆ ಮುಂದಕ್ಕೆ ಹರಿಯಲು ಶುರುವಾದರೆ ಕೂಗುವುದಷ್ಟೇ.

16 ಎಂ.ಎಂ. ಹಗ್ಗ ಇನ್ನೂ ಬಂದಿಲ್ಲ. ಟಾಪ್‌ಸೇಲ್ ಬ್ರೇಸಿಗೆ ಹಳೆಯದನ್ನೇ ತುದಿ ತಿರುಗಿಸಿ ಹಾಕಿಕೊಂಡಿದ್ದೇವೆ. 18ರದ್ದನ್ನು ಬೋಸನ್ ಫೆಂಡರ್ (ಹಡಗಿನ ಬದಿ ಉಜ್ಜದಂತೆ ಇಳಿಬಿಡುವ ದಿಂಬು) ಕಟ್ಟಲು ಕೊಟ್ಟರು, ಅಲ್ಲಿ ಅದು ಚೆನ್ನಾಗಿದೆ.