ಮಾಡು ಇರೋ ಸಂಕ
ನಮ್ಮ ಶಿರಸಿ ಕಡೆ ಹಳ್ಳಕ್ಕೆ ಅಡಿಕೆ ಮರ ಹಾಕಿ ಸಂಕ (ಕಾಲುಸೇತುವೆ) ಕಟ್ತಾರಲ್ಲ, ಮಳೆ ನೀರು ಕುಡಿದೂ ಕುಡಿದೂ ಬೇಗ ಕುಂಬಾಗಿ ಹೋಗತ್ತೆ, ಮತ್ತೆ ಹೊಸ ಮರ ಕಡೀಬೇಕು. ಅಮೆರಿಕದಲ್ಲಿ 1800ರ ಕಾಲದಲ್ಲಿ ಇದಕ್ಕೊಂದು ದಾರಿ ಕಂಡ್ಕೊಂಡಿದ್ರು, ಮರದ ಸೇತುವೆಗೆ ಮನೆ ತರ ಮಾಡು (ಚಾವಣಿ) ಹಾಕಿ ಪಕ್ಕಕ್ಕೆ ಹಲಗೆ ಹೊಡ್ದುಬಿಡೋದು. ಜನ ನೆನೀಬಾರ್ದು ಅಂತಲ್ಲ ಮಾರಾಯ್ರೆ, ಭಾರ ಹೊರೋ ತೊಲೆ, ಅದರ ಕೀಲುಗಳು ನೆನೀಬಾರ್ದು ಅಂತ! ಬಯಲಲ್ಲಿ ಬಿಟ್ರೆ ಹತ್ತಿಪ್ಪತ್ತು ವರ್ಷಕ್ಕೆ ಮುಗಿಯೋ ಸೇತುವೆ ಮಾಡಿನಡಿ ನೂರು ವರ್ಷ ದಾಟತ್ತೆ. ಹಾಳಾದ್ರೆ ಮಾಡಿನ ಹಲಗೆ ಬದಲಾಯ್ಸಿದ್ರಾಯ್ತು, ತೊಲೆ ಹಾಗೇ ಇರತ್ತೆ. ಎಂಥಾ ತಲೆ ಅಲ್ವಾ ಆ ಬಡಗಿಗಳದ್ದು!

ಆದ್ರೆ ಬೆಂಕಿ, ನೆರೆ ಬಂದ್ರೆ ಮಾಡೂ ಕಾಯಲ್ಲ. ಸ್ವಿಟ್ಜರ್ಲೆಂಡಿನ ಲುಸರ್ನ್‌ನಲ್ಲಿ 14ನೇ ಶತಮಾನದ ಮಾಡಿನ ಸೇತುವೆ ಕಪೆಲ್‌ಬ್ರುಕೆ 1993ರ ಆಗಸ್ಟಲ್ಲಿ ಸುಟ್ಟುಹೋಯ್ತು, ಒಳಗೆ ಮಾಡಿನ ಕೆಳಗಿದ್ದ 17ನೇ ಶತಮಾನದ ಚಿತ್ರಗಳು ಹೆಚ್ಚಿನವು ಬೂದಿ, ಅದು ಓದ್ವಾಗ ನಿಜಕ್ಕೂ ಹೊಟ್ಟೆ ಉರೀತು. ಮರುವರ್ಷವೇ ಕಟ್ಟಿ ಜನಕ್ಕೆ ಬಿಟ್ರು. ನ್ಯೂಯಾರ್ಕ್ ರಾಜ್ಯದ ಬ್ಲೆನ್‌ಹೈಮ್ ಸೇತುವೆ, 1855ರದ್ದು, 2011ರ ಐರೀನ್ ಚಂಡಮಾರುತದ ನೆರೇಲಿ ಕೊಚ್ಚಿಹೋಯ್ತು, ಅದನ್ನೂ 2018ಕ್ಕೆ ಮತ್ತೆ ಮರದಲ್ಲೇ ಎಬ್ಬಿಸಿ ನಿಲ್ಸಿದ್ರು, ಈ ಸಲ ಇನ್ನೂ ಎತ್ತರದಲ್ಲಿ.

ಕಾಂಕ್ರೀಟ್ ಹಾಕಿದ್ರೆ ಸುಲಭ ಇತ್ತು, ಹಾಕ್ಲಿಲ್ಲ, ನಂಗೆ ಅದು ತುಂಬಾ ಇಷ್ಟ ಆಯ್ತು. ನಮ್ಮೂರಲ್ಲಿ ಸಂಕ ಕಟ್ಟೋಕೆ ಬರೋರು ಈಗ ವಯಸ್ಸಾದೋರು ಮಾತ್ರ. ಈ ಮಳೆಗಾಲದೊಳಗೆ ಅವ್ರು ಕಟ್ಟೋದನ್ನ ವಿಡಿಯೋ ಮಾಡ್ಬೇಕು, ಸಿದ್ದಾಪುರ, ಯಲ್ಲಾಪುರ ಕಡೆಯೋರು ಯಾರಾದ್ರೂ ಜೊತೆಗೆ ಬರ್ತೀರಾ?